ಮಗುವಿಗೆ ಕಿವಿ ಕೇಳಿಸದಿದ್ದರೆ: ಅಮೆರಿಕದಲ್ಲಿ ಮೊದಲ ಪರೀಕ್ಷೆಯಿಂದ ಐಇಪಿ ಎಂಬ ಶಾಲಾ ಯೋಜನೆಯ ತನಕ

ಅಮೆರಿಕದಲ್ಲಿ ಮಗು ಹುಟ್ಟಿದರೆ ಸಾಮಾನ್ಯವಾಗಿ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮೊದಲೇ ಅದರ ಕಿವಿ ಪರೀಕ್ಷೆ ಮುಗಿದಿರುತ್ತದೆ. ಮಲಗಿರುವ ಕೂಸಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು, ಇಲ್ಲವೇ ಹಣೆಗೆ ಸ್ಟಿಕ್ಕರ್ ಅಂಟಿಸಿ, ಕೆಲವೇ ನಿಮಿಷದಲ್ಲಿ ಮಾಡಿಬಿಡುತ್ತಾರೆ. ಬಾಣಂತನದ ಗಡಿಬಿಡಿಯಲ್ಲಿ ಅಪ್ಪ ಅಮ್ಮನಿಗೆ ಅದು ನೆನಪೂ ಉಳಿಯುವುದಿಲ್ಲ. ಡಿಸ್ಚಾರ್ಜ್ ಕಾಗದಗಳ ಕಟ್ಟಿನಲ್ಲಿ ಆ ಪರೀಕ್ಷೆಯ ಹಾಳೆ ಇರುತ್ತದೆ, ಹುಡುಕಿ ನೋಡಿ. 'ಪಾಸ್' ಎಂದಿದ್ದರೆ ಸರಿ. 'ರೆಫರ್', ಅಂದರೆ ಇನ್ನೊಮ್ಮೆ ಪರೀಕ್ಷಿಸಬೇಕು, ಎಂದಿದ್ದರೆ ಗಾಬರಿ ಬೇಡ, ಕಿವಿಯೊಳಗೆ ದ್ರವ ಉಳಿದಿದ್ದರೂ ಹಾಗೆ ಬರುತ್ತದೆ. ಆದರೆ ಮುಂದಿನ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಇಲ್ಲಿ ಎಲ್ಲರೂ ಹೇಳುವ ಲೆಕ್ಕ 1-3-6. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತವಾದ ಫಲಿತಾಂಶ, ಆರು ತಿಂಗಳೊಳಗೆ ನೆರವು ಶುರು. ಎರಡನೇ ಹಂತದ್ದು ಎಬಿಆರ್, ಅಂದರೆ ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ. ಇದನ್ನು ಮಕ್ಕಳ ಆಡಿಯಾಲಜಿಸ್ಟ್ (ಶ್ರವಣ ಪರಿಣತರು) ಮಾಡುತ್ತಾರೆ. ಮಗು ನಿದ್ದೆಯಲ್ಲಿರಬೇಕು. ಮೂರು ತಿಂಗಳ ಕೂಸನ್ನು ಹಾಲು ಕುಡಿಸಿ ಮಲಗಿಸುವುದು ಸುಲಭ. ತಡಮಾಡಿ ಎಂಟು ಹತ್ತು ತಿಂಗಳಾಯಿತು ಅನ್ನಿ, ನಿದ್ದೆಗೆ ಔಷಧಿ ಕೊಟ್ಟು ಮಾಡಬೇಕಾಗಬಹುದು. ಬೇಗ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮವರ ಮನೆಗಳಲ್ಲಿ ತಡವಾಗುವುದು ಬೇರೆ ಕಾರಣಕ್ಕೆ. ಊರಿಂದ ಬಂದ ಅಜ್ಜಿ, "ಇವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಮಾತು ತಡವಾಗುವುದೇ ಬೇರೆ, ಕಿವಿ ಕೇಳಿಸದಿರುವುದೇ ಬೇರೆ. ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ ಆಮೇಲೆ ಪತ್ತೆಯಾದವರಿಗಿಂತ ಚೆನ್ನಾಗಿ ಬೆಳೆದಿತ್ತು. ಆ ಮಕ್ಕಳು ಮಾತು ಕಲಿತರೋ ಸನ್ನೆ ಕಲಿತರೋ ಎಂಬುದರಿಂದ ಇದು ಬದಲಾಗಲಿಲ್ಲ. ಬೇಗ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಕ್ಕಿತಾ, ಅದೇ ಮುಖ್ಯ.

ಮೂರು ವರ್ಷದ ತನಕ

ಅಂಗವಿಕಲ ಮಕ್ಕಳ ಶಿಕ್ಷಣಕ್ಕಿರುವ ಐಡಿಇಎ ಎಂಬ ಕೇಂದ್ರ ಕಾನೂನಿನ 'ಪಾರ್ಟ್ ಸಿ' ಪ್ರಕಾರ ಹುಟ್ಟಿನಿಂದ ಮೂರು ವರ್ಷದವರೆಗೆ ಅರ್ಲಿ ಇಂಟರ್ವೆನ್ಷನ್ (ಬೇಗನೇ ಕೊಡುವ ನೆರವು) ಸೇವೆ ಸಿಗುತ್ತದೆ. ಹೆಸರು ರಾಜ್ಯಕ್ಕೊಂದು: ಕ್ಯಾಲಿಫೋರ್ನಿಯಾದಲ್ಲಿ ಅರ್ಲಿ ಸ್ಟಾರ್ಟ್, ಜಾರ್ಜಿಯಾದಲ್ಲಿ ಬೇಬೀಸ್ ಕಾಂಟ್ ವೇಟ್, ಟೆಕ್ಸಸ್‌ನಲ್ಲಿ ಇಸಿಐ. ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಬಹುದು. ಊರಲ್ಲೇ ಹುಟ್ಟಿ, ವರ್ಷ ಎರಡು ವರ್ಷಕ್ಕೆ ಇಲ್ಲಿಗೆ ಬಂದ ಮಗುವಿಗೂ ಇದೇ ದಾರಿ. ಫೋನ್ ಮಾಡಿದ 45 ದಿನದೊಳಗೆ ಮಗುವನ್ನು ಪರೀಕ್ಷಿಸಿ, ಐಎಫ್‌ಎಸ್‌ಪಿ ಎಂಬ, ಮಗುವಿಗೂ ಮನೆಯವರಿಗೂ ಬೇಕಾದ ನೆರವಿನ ಯೋಜನೆಗೆ ಮೊದಲ ಮೀಟಿಂಗ್ ನಡೆಸಬೇಕು. ಪರೀಕ್ಷೆಗೆ ಎಲ್ಲೂ ದುಡ್ಡು ಕೇಳುವಂತಿಲ್ಲ. ಆಮೇಲಿನ ಸೇವೆಗೆ ಕೆಲವು ರಾಜ್ಯಗಳು ಸಂಬಳ ನೋಡಿ ಸ್ವಲ್ಪ ಶುಲ್ಕ ಹಾಕುತ್ತವೆ.

ಥೆರಪಿಸ್ಟ್ ಹೆಚ್ಚಾಗಿ ನಿಮ್ಮ ಮನೆಗೇ ಬರುತ್ತಾರೆ. ಹಾಲ್‌ನಲ್ಲಿ ಮಗುವಿನ ಜೊತೆ ಕೂತು ಆಡುತ್ತಾರೆ. "ಆಟ ಆಡಿಸಿ ಹೋದರು ಅಷ್ಟೆ" ಎಂದು ಬೇಜಾರಾಗುವವರು ಉಂಟು. ಅವರು ಕಲಿಸಲು ಬಂದಿದ್ದು ಮಗುವಿಗಿಂತ ಜಾಸ್ತಿ ನಿಮಗೆ. ವಾರಕ್ಕೆ ಒಂದು ಗಂಟೆ ಅವರದು, ಉಳಿದದ್ದೆಲ್ಲ ನಿಮ್ಮದೇ ಅಲ್ವಾ? ಅವರು ಬಂದಾಗ ಅಡುಗೆಮನೆಗೆ ಹೋಗಿ ಕಾಫಿ ಮಾಡುತ್ತಾ ನಿಲ್ಲಬೇಡಿ, ಪಕ್ಕದಲ್ಲೇ ಕೂತು ನೋಡಿ.

ಯಾವ ಭಾಷೆ?

ತಲೆಬಿಸಿ ಜಾಸ್ತಿಯಾಗುವುದು ಇಲ್ಲಿ. ಒಬ್ಬರು ಹಿಯರಿಂಗ್ ಏಡ್ ಇಲ್ಲವೇ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಹಾಕಿಸಿ ಮಾತಷ್ಟೇ ಕಲಿಸಿ ಅನ್ನುತ್ತಾರೆ. ಇನ್ನೊಬ್ಬರು ಎಎಸ್‌ಎಲ್ ಎಂಬ ಅಮೆರಿಕದ ಸನ್ನೆ ಭಾಷೆ ಕಲಿಸಿ ಅನ್ನುತ್ತಾರೆ. ಎರಡೂ ಕಡೆಯವರು ಅವರವರ ಮಾತಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತಾರೆ. ಸನ್ನೆ ಕಲಿಸಿದರೆ ಮಗು ಮಾತಾಡುವುದಿಲ್ಲ ಎಂಬ ಹೆದರಿಕೆಗೆ ಗಟ್ಟಿ ಆಧಾರವಿಲ್ಲ. ಇಂಪ್ಲಾಂಟ್ ಆದ ಮಕ್ಕಳೆಲ್ಲ ಒಂದೇ ಸಮ ಮಾತಾಡುತ್ತಾರೆ ಎಂಬುದೂ ನಿಜವಲ್ಲ. ನನ್ನನ್ನು ಕೇಳಿದರೆ ಎರಡನ್ನೂ ಶುರು ಮಾಡಿ. ಯಾವುದು ಹಿಡಿಯುತ್ತದೆ ಎಂದು ಮಗುವೇ ತೋರಿಸುತ್ತದೆ. ಆ ತನಕ ಅದು ಭಾಷೆಯೇ ಇಲ್ಲದೆ ಕಾಯುವುದು ಬೇಡ.

ಎಎಸ್‌ಎಲ್ ಅಂದರೆ ಕೈಸನ್ನೆಯಲ್ಲಿ ಹೇಳಿದ ಇಂಗ್ಲಿಷ್ ಅಲ್ಲ. ಅದಕ್ಕೆ ಅದರದೇ ವ್ಯಾಕರಣವಿದೆ. 1817ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಶುರುವಾದ ಕಿವುಡರ ಶಾಲೆಗೆ ಫ್ರಾನ್ಸ್‌ನಿಂದ ಬಂದ ಕಿವುಡ ಮೇಷ್ಟ್ರು ಲೊರಾಂ ಕ್ಲರ್ಕ್ ಕಲಿಸಿದ್ದು ಫ್ರೆಂಚ್ ಸನ್ನೆಗಳನ್ನು. ಹಾಗಾಗಿ ಎಎಸ್‌ಎಲ್‌ಗೆ ಇಂಗ್ಲೆಂಡಿನ ಸನ್ನೆ ಭಾಷೆಗಿಂತ ಫ್ರೆಂಚರದು ಹತ್ತಿರ. ಭಾರತದ ಸನ್ನೆ ಭಾಷೆಯೂ ಬೇರೆಯೇ. ಒಂದೆರಡು ವರ್ಷದಲ್ಲಿ ಊರಿಗೆ ವಾಪಸ್ ಹೋಗುವವರು ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತದೆ ಬಿಡಿ ಅನ್ನುವವರಿಗೆ ಒಂದು ಪರೀಕ್ಷೆ. ಕನ್ನಡಿ ಮುಂದೆ ನಿಂತು, ದನಿ ಬಿಡದೆ 'ಪಾಪ', 'ಬಾಬಾ', 'ಮಾಮ' ಅನ್ನಿ. ಮೂರೂ ಒಂದೇ ಥರ ಕಾಣುತ್ತವೆ. 'ಕ', 'ಗ' ಅಂತೂ ಗಂಟಲ ಹತ್ತಿರದವು, ಕಾಣುವುದೇ ಇಲ್ಲ. ಭಾಷೆ ಮೊದಲೇ ಗೊತ್ತಿದ್ದವರು ಮಾತಿನ ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ. ಭಾಷೆ ಈಗಷ್ಟೇ ಕಲಿಯಬೇಕಾದ ಮಗು ಏನನ್ನು ಇಟ್ಟುಕೊಂಡು ಊಹಿಸಬೇಕು?

ಕನ್ನಡ ಬಿಡಬೇಕಾ? ಬಿಡಬೇಡಿ. "ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲವಾಗುತ್ತದೆ" ಎಂದು ಈಗಲೂ ಹೇಳುವ ಪರಿಣತರಿದ್ದಾರೆ. ಏಡ್ ಅಥವಾ ಇಂಪ್ಲಾಂಟ್‌ನಿಂದ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳು ಎರಡು ಭಾಷೆ ಕಲಿಯಬಲ್ಲರು. ಮಗುವಿಗೆ ಬೇಕಿರುವುದು ದಿನವಿಡೀ ತುಂಬು ಮಾತು. ಜಗಳ, ಮುದ್ದು, ಕತೆ, ಗದರುವುದು, ಹಾಡು, ಇವೆಲ್ಲ ನಿಮಗೆ ಸಲೀಸಾಗಿ ಬರುವುದು ಯಾವ ಭಾಷೆಯಲ್ಲಿ? ಆಫೀಸಿನ ಇಂಗ್ಲಿಷಿನಲ್ಲಿ ಮಗುವನ್ನು ಮುದ್ದಾಡಲು ಹೋದರೆ ಎರಡು ವಾಕ್ಯಕ್ಕೇ ಮಾತು ಮುಗಿದುಹೋಗುತ್ತದೆ.

ಮೂರನೇ ಹುಟ್ಟುಹಬ್ಬದ ದಿನ

ಅವತ್ತಿಗೆ ಸಾಮಾನ್ಯವಾಗಿ ಐಎಫ್‌ಎಸ್‌ಪಿ ಮುಗಿದು ಜವಾಬ್ದಾರಿ ಆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಬರುತ್ತದೆ. ಇದು ಐಡಿಇಎಯ 'ಪಾರ್ಟ್ ಬಿ', ಇಲ್ಲಿ ಆ ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆಯ ಹೆಸರು ಐಇಪಿ. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಮೀಟಿಂಗ್ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮೊದಲೇ ಆಗಬೇಕು. ಯಾರೂ ಕರೆಯದಿದ್ದರೆ ನೀವೇ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ವೀಸಾ ಯಾವುದು ಎಂಬ ಚಿಂತೆ ಬೇಡ. ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪಿನ ಪ್ರಕಾರ ವಲಸೆಯ ಕಾಗದ ಸರಿಯಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲ, ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಮಗುವಿನ ಮಾತಂತೂ ದೂರವೇ ಉಳಿಯಿತು.

ಐಇಪಿ ಮೀಟಿಂಗ್ ಹೇಗಿರುತ್ತದೆ ಅಂದರೆ, ಮೇಜಿನ ಆ ಕಡೆ ಆರೇಳು ಜನ: ಕ್ಲಾಸ್ ಟೀಚರ್, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ಡಿಸ್ಟ್ರಿಕ್ಟ್‌ನವರು. ಈ ಕಡೆ ನೀವಿಬ್ಬರು. ಸ್ಕ್ರೀನ್ ಮೇಲೆ ಇಪ್ಪತ್ತು ಮೂವತ್ತು ಪುಟ ಸರಸರ ಸರಿಯುತ್ತದೆ. "ಎನಿ ಕ್ವೆಶ್ಚನ್ಸ್?" ಅನ್ನುತ್ತಾರೆ. ನಮ್ಮವರು ನಕ್ಕು, ಥ್ಯಾಂಕ್ಸ್ ಹೇಳಿ, ಸಹಿ ಹಾಕಿ ಬರುತ್ತಾರೆ. ಮೇಷ್ಟ್ರಿಗೆ ಎದುರಾಡಬಾರದು ಅಂತ ಬೆಳೆದವರಲ್ಲವೇ ನಾವು! ಇಲ್ಲಿ ನೀವು ಅತಿಥಿಯಲ್ಲ, ಕಾನೂನಿನ ಪ್ರಕಾರ ಆ ತಂಡದ ಸದಸ್ಯರು. ಕರಡನ್ನು ಮೊದಲೇ ಕಳಿಸಿ ಅನ್ನಿ. ಸಹಿಯನ್ನು ಅಲ್ಲೇ ಹಾಕಬೇಕಿಲ್ಲ, ಮನೆಗೆ ಒಯ್ದು ಓದಿ. ಜೊತೆಗೆ ತಿಳಿದವರನ್ನು ಕರೆದೊಯ್ಯಬಹುದು. ಕಿವುಡ ಮಕ್ಕಳ ತಂದೆತಾಯಿಯರೇ ನಡೆಸುವ ಹ್ಯಾಂಡ್ಸ್ ಅಂಡ್ ವಾಯ್ಸಸ್ ಸಂಸ್ಥೆಯ ಶಾಖೆಗಳು ಬಹಳ ರಾಜ್ಯಗಳಲ್ಲಿವೆ, ಅವರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿಯನ್ನು ಕೇಳುವ ಹಕ್ಕೂ ಇದೆ. ಮುಂಚಿತವಾಗಿ ಬರೆದು ಕೇಳಿ, ಕನ್ನಡದವರನ್ನು ಹುಡುಕಲು ಅವರಿಗೂ ಸಮಯ ಬೇಕು.

ಏನನ್ನು ನೋಡಬೇಕು? ಗುರಿಗಳು ಅಳೆಯುವಂತೆ ಬರೆದಿವೆಯಾ. ಕಿವುಡ ಮಕ್ಕಳಿಗೆ ಕಲಿಸಲೆಂದೇ ತರಬೇತಾದ 'ಟೀಚರ್ ಆಫ್ ದ ಡೆಫ್' ವಾರಕ್ಕೆ ಎಷ್ಟು ನಿಮಿಷ ಬರುತ್ತಾರೆ. ಟೀಚರ್ ಕತ್ತಿನ ಮೈಕ್‌ನಿಂದ ಸೀದಾ ಏಡ್‌ಗೆ ದನಿ ಬರುವ ವ್ಯವಸ್ಥೆ ಇದೆಯಾ. ದಿನಾ ಬೆಳಿಗ್ಗೆ ಬ್ಯಾಟರಿ, ಮೈಕ್ ನೋಡುವವರು ಯಾರು. ಇದು ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ಶಾಲೆಯಲ್ಲಿ ಮಗು ಹಾಕುವ ಏಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳುವುದು ಶಾಲೆಯ ಹೊಣೆ ಎಂದು ಕೇಂದ್ರದ ನಿಯಮದಲ್ಲೇ ಬರೆದಿದೆ. ಕಿವುಡ ಮಗು ತನ್ನದೇ ಭಾಷೆಯಲ್ಲಿ ಸಂಗಡಿಗರ ಜೊತೆ, ಟೀಚರ್ ಜೊತೆ ನೇರವಾಗಿ ಮಾತಾಡುವ ಅವಕಾಶವನ್ನು ತಂಡ ಪರಿಗಣಿಸಲೇಬೇಕು ಎಂದೂ ಇದೆ. ಹತ್ತಿರದ ಶಾಲೆಯಲ್ಲಿ ಇನ್ನೊಂದು ಕಿವುಡ ಮಗುವೇ ಇಲ್ಲದಿದ್ದರೆ ಈ ಮಾತು ಎತ್ತಿ. ಫ್ರೀಮಾಂಟ್, ಆಸ್ಟಿನ್‌ನಂಥ ಕಡೆ ರಾಜ್ಯ ಸರ್ಕಾರದ ಕಿವುಡರ ಶಾಲೆಗಳಿವೆ. ಅಲ್ಲಿಗೆ ಸೇರಿಸದಿದ್ದರೂ ಒಮ್ಮೆ ಹೋಗಿ ನೋಡಿ ಬನ್ನಿ.

"ಮಾರ್ಕ್ಸ್ ಚೆನ್ನಾಗಿದೆ, ಐಇಪಿ ಏಕೆ?" ಎಂದು ಶಾಲೆಯವರು ಕೇಳಬಹುದು. ಈ ವಾದ ಹಳೆಯದು. ನ್ಯೂಯಾರ್ಕ್ ರಾಜ್ಯದ ಏಮಿ ರೌಲಿ ಎಂಬ ಕಿವುಡ ಹುಡುಗಿ ಚೆನ್ನಾಗಿ ಪಾಸಾಗುತ್ತಿದ್ದಾಳೆ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಅವಳಿಗೆ ಸನ್ನೆ ಭಾಷೆಯ ದುಭಾಷಿ ಕೊಡಿಸಲಿಲ್ಲ. ಅದೇ ಕೋರ್ಟಿನ 2017ರ ಎಂಡ್ರೂ ತೀರ್ಪು ಮಟ್ಟವನ್ನು ಮೇಲಕ್ಕೆತ್ತಿತು: ನಾಮಕಾವಾಸ್ತೆ ಪ್ರಗತಿ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ದೊಡ್ಡ ಗುರಿ ಇರಬೇಕು. ತರಗತಿಯಿಂದ ತರಗತಿಗೆ ಪಾಸಾಗುವ ಮಗುವಿಗೂ ಐಇಪಿ ಸಿಗಬಹುದು ಎಂದು ನಿಯಮವೇ ಹೇಳುತ್ತದೆ.

ದುಡ್ಡು, ಊರು ಬದಲಾವಣೆ

ಮಕ್ಕಳ ಹಿಯರಿಂಗ್ ಏಡ್‌ಗೆ ಇನ್ಶೂರೆನ್ಸ್ ಕೊಡಲೇಬೇಕು ಎಂಬ ಕಾನೂನು ಎಷ್ಟೋ ರಾಜ್ಯಗಳಲ್ಲಿದೆ. ಆದರೆ ದೊಡ್ಡ ಕಂಪನಿಗಳು ಹೆಚ್ಚಾಗಿ ತಮ್ಮ ದುಡ್ಡಿನಿಂದಲೇ ಪ್ಲಾನ್ ನಡೆಸುತ್ತವೆ. ಅಂಥ ಪ್ಲಾನ್‌ಗೆ ರಾಜ್ಯದ ಕಾನೂನು ಅನ್ವಯಿಸುವುದಿಲ್ಲ. ನಮ್ಮ ಐಟಿ ಮಂದಿ ಸಿಕ್ಕಿಬೀಳುವುದು ಇಲ್ಲೇ. "ನಮ್ಮದು ಸೆಲ್ಫ್ ಫಂಡೆಡ್ ಪ್ಲಾನಾ?" ಎಂದು ಎಚ್‌ಆರ್‌ನವರನ್ನು ಕೇಳಿ. ಹೊಸ ಏಡ್ ಬರುವ ತನಕ ಸಾಲಕ್ಕೆ ಏಡ್ ಕೊಡುವ ಲೋನರ್ ಬ್ಯಾಂಕ್ ನಿಮ್ಮ ರಾಜ್ಯದಲ್ಲಿದೆಯೇ ಎಂದು ಆಡಿಯಾಲಜಿಸ್ಟನ್ನು ವಿಚಾರಿಸಿ. ಕೂಸಿನ ಕಿವಿ ಬೆಳೆದಂತೆ ಏಡ್ ಜೊತೆ ಕಿವಿಯೊಳಗೆ ಕೂರುವ ಮೋಲ್ಡನ್ನು ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ, ಆ ಖರ್ಚನ್ನೂ ಕೇಳಿಟ್ಟುಕೊಳ್ಳಿ.

ಪ್ರಾಜೆಕ್ಟ್ ಮುಗಿದು ಬೇರೆ ರಾಜ್ಯಕ್ಕೆ ಹೋದರೆ ಹೊಸ ಡಿಸ್ಟ್ರಿಕ್ಟ್ ತನ್ನದೇ ಪರೀಕ್ಷೆ ಮಾಡಬಹುದು. ಅಲ್ಲಿಯ ತನಕ ಹಳೆಯ ಐಇಪಿಗೆ ಸರಿಸಮನಾದ ಸೇವೆ ಕೊಡಬೇಕು. ಹೊರಡುವ ಮುಂಚೆ ಐಇಪಿ, ಇತ್ತೀಚಿನ ಕಿವಿ ಪರೀಕ್ಷೆಯ ಆಡಿಯೋಗ್ರಾಂ, ಇಂಪ್ಲಾಂಟ್ ಇದ್ದರೆ ಅದನ್ನು ಮಗುವಿಗೆ ಹೊಂದಿಸಿದ 'ಮ್ಯಾಪಿಂಗ್' ವರದಿ, ಮೂರನ್ನೂ ಪಿಡಿಎಫ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಹೊಸ ಊರಿನ ಡಿಸ್ಟ್ರಿಕ್ಟ್ ಆಫೀಸಿಗೆ ಮನೆ ಹುಡುಕುವ ಮೊದಲೇ ಫೋನ್ ಮಾಡಿ, ಟೀಚರ್ ಆಫ್ ದ ಡೆಫ್ ಇದ್ದಾರಾ ಕೇಳಿ. ಇಲ್ಲ ಅಂದರೆ ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಬಾಡಿಗೆ ಎಷ್ಟಿದೆ ಎಂದು ನೋಡುವುದು ವಾಸಿ.