ದಿನಕ್ಕೆ 400 ಕ್ಯಾಲೊರಿ ಕಡಿಮೆ: ನಾನು ತೂಕ ಇಳಿಸಿಕೊಂಡ ಬಗೆ

ಶುರು ಮಾಡಿದಾಗ ನನ್ನ ತೂಕ 84 ಕೆಜಿ, ಎತ್ತರ 170 ಸೆಂ.ಮೀ., ವಯಸ್ಸು 42. ಕೂತು ಮಾಡುವ ಕೆಲಸ, ಬಿಪಿಗೆ ದಿನಕ್ಕೊಂದು ಮಾತ್ರೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಬರುವ ಲೆಕ್ಕಗಳೆಲ್ಲ ಈ ಒಂದು ಮೈಗೆ ಹೊಂದುವಂಥವು, ನಿಮ್ಮ ಮೈಗೆ ಅಂಕಿಗಳು ಬೇರೆಯೇ ಬರುತ್ತವೆ. "ನಾನು ದಿನಕ್ಕೆ ಸಾವಿರ ಕ್ಯಾಲೊರಿಯಲ್ಲಿ ಇಳಿದೆ, ನೀವೂ ಅಷ್ಟೇ ತಿನ್ನಿ" ಎನ್ನುವವರ ಮಾತಿಗೆ ನಾನಂತೂ ಕಿವಿಗೊಡುವುದಿಲ್ಲ.

ಆಹಾರ ಕಡಿಮೆ ಮಾಡುವುದಕ್ಕೆ ಮುಂಚೆ ಡಾಕ್ಟರ್ ಹತ್ತಿರ ಹೋದೆ. ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಕಿಡ್ನಿ ಇಷ್ಟನ್ನು ಪರೀಕ್ಷೆ ಮಾಡಿಸಿದರು. ಆಮೇಲೆ ಅವರು ಹೇಳಿದ ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು: "ತೂಕ ಇಳಿದ ಹಾಗೆ ಬಿಪಿನೂ ಇಳಿಯುತ್ತೆ. ಮನೆಯಲ್ಲೇ ನೋಡ್ಕೊಂಡು ಬರೆದಿಡಿ. ಕೂತು ಎದ್ದಾಗ ತಲೆ ತಿರುಗೋ ಹಾಗಾದ್ರೆ ಬನ್ನಿ, ಡೋಸ್ ಕಡಿಮೆ ಮಾಡೋಣ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ." ಕೆಲವು ತಿಂಗಳ ನಂತರ ಹಾಗೇ ಆಯಿತು, ಬರೆದಿಟ್ಟ ಅಂಕಿಗಳನ್ನು ನೋಡಿ ಅವರೇ ಡೋಸ್ ಅರ್ಧಕ್ಕೆ ಇಳಿಸಿದರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮದ್ದು ಹಳೆಯಷ್ಟೇ ಇದ್ದು ಊಟ ಮಾತ್ರ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಬೆಳೆಯುವ ಮಕ್ಕಳು, ಹಿಂದೆ ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆ ಅನುಭವಿಸಿದವರು ನಾನು ಮಾಡಿದ್ದನ್ನು ನೋಡಿ ತಾವಾಗಿಯೇ ಮಾಡಲು ಹೋಗಬಾರದು.

ಇನ್ನು ಲೆಕ್ಕ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ದಿನಕ್ಕೆ ಎಷ್ಟು ಶಕ್ತಿ ಬೇಕು ಎನ್ನುವುದಕ್ಕೆ 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರವನ್ನು ಬಳಸಿದೆ. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು 10ರಿಂದ ಗುಣಿಸಿ, ಎತ್ತರವನ್ನು ಸೆಂಟಿಮೀಟರಿನಲ್ಲಿ 6.25ರಿಂದ ಗುಣಿಸಿ ಕೂಡಿಸಬೇಕು, ವಯಸ್ಸನ್ನು 5ರಿಂದ ಗುಣಿಸಿ ಕಳೆಯಬೇಕು. ಕೊನೆಗೆ ಗಂಡಸರಾದರೆ 5 ಕೂಡಿಸುವುದು, ಹೆಂಗಸರಾದರೆ 161 ಕಳೆಯುವುದು. ನನಗೆ ಬಂದದ್ದು 1,700ರ ಆಸುಪಾಸು. ಓಡಾಟ ಕಡಿಮೆ ಇರುವ ನನ್ನ ದಿನಚರಿಗೆ ಅದನ್ನು 1.3ರಿಂದ ಗುಣಿಸಿದೆ, 2,200 ಆಯಿತು. ಇದು ಅಂದಾಜು ಅಷ್ಟೇ. ಹಾಗಾಗಿ ಮೊದಲ ಎರಡು ವಾರ ಏನನ್ನೂ ಕಡಿಮೆ ಮಾಡದೆ, ಎಂದಿನಂತೆ ತಿಂದು, ತಿಂದದ್ದನ್ನೆಲ್ಲ ತೂಗಿ ಒಂದು ಪುಸ್ತಕದಲ್ಲಿ ಬರೆದೆ. ತೂಕ ಏರಲಿಲ್ಲ, ಇಳಿಯಲಿಲ್ಲ. ಪುಸ್ತಕದಲ್ಲಿದ್ದ ಸರಾಸರಿಯೂ ಸೂತ್ರದ ಉತ್ತರಕ್ಕೆ ಹತ್ತಿರವೇ ಇತ್ತು.

ಬರೆಯುವುದು ಎಂದರೆ ನೆನಪಿನಿಂದ ಬರೆಯುವುದಲ್ಲ. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರು ನಿಜವಾಗಿ ಎಷ್ಟು ಶಕ್ತಿ ಖರ್ಚು ಮಾಡುತ್ತಿದ್ದಾರೆ, ಎಷ್ಟು ತಿನ್ನುತ್ತಿದ್ದಾರೆ ಎಂದು ಅಳೆದು ನೋಡಿದರು. ತಿಂದದ್ದನ್ನು ಅವರು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು, ವ್ಯಾಯಾಮವನ್ನು 51 ಶೇಕಡಾ ಜಾಸ್ತಿ ಹೇಳಿದ್ದರು. ಅವರ ಮೈಯ ಖರ್ಚಿನಲ್ಲಿ ಏನೂ ಊನವಿರಲಿಲ್ಲ. ಯಾರೂ ಬೇಕೆಂದು ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಬಾಣಲೆಗೆ ಸುರಿದ ಎಣ್ಣೆ, ಇವನ್ನು ಯಾರು ಊಟ ಅಂತ ಎಣಿಸುತ್ತಾರೆ?

ಎಣ್ಣೆಯ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಪ್ರೋಟೀನಿನಲ್ಲಿ 4, ಮದ್ಯದಲ್ಲಿರುವ ಆಲ್ಕೊಹಾಲಿನಲ್ಲಿ 7, ಕೊಬ್ಬಿನಲ್ಲಿ 9. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 14 ಗ್ರಾಂ, ಅಲ್ಲಿಗೆ 120 ಕ್ಯಾಲೊರಿ. ಎಣ್ಣೆ ಸೀಸೆಯನ್ನೇ ತಕ್ಕಡಿಯ ಮೇಲಿಟ್ಟು, ಸುರಿಯುವ ಮೊದಲು ಮತ್ತು ಸುರಿದ ಮೇಲೆ ತೂಗಿದೆ. ನಾನು ಒಂದು ಚಮಚ ಎಂದುಕೊಂಡಿದ್ದದ್ದು ಎರಡೂವರೆ ಚಮಚ ಇರುತ್ತಿತ್ತು. ಅಷ್ಟು ಎಣ್ಣೆ ಹೊಟ್ಟೆ ತುಂಬಿಸುವುದೂ ಇಲ್ಲ, ಅರ್ಧ ಮಾಡಿದರೆ ನಾಲಿಗೆಗೆ ಗೊತ್ತಾಗುವುದೂ ಇಲ್ಲ. ನಾನು ಕಡಿತ ಮಾಡಿದ 400 ಕ್ಯಾಲೊರಿಯಲ್ಲಿ ಹೆಚ್ಚುಕಡಿಮೆ ಅರ್ಧ ಬಂದದ್ದು ಎಣ್ಣೆಯಿಂದಲೇ. ಉಳಿದದ್ದು ಕುಡಿಯುವ ಸಕ್ಕರೆಯಿಂದ ಮತ್ತು ಸಂಜೆ ಕೈಗೆ ಸಿಕ್ಕುವ ಕರಿದ ತಿಂಡಿಯಿಂದ. ಊಟದ ತಟ್ಟೆಗೆ ಕೈ ಹಾಕುವ ಅಗತ್ಯ ಬಹಳ ಬರಲಿಲ್ಲ.

ತೂಗುವಾಗ ಹಸಿಯೋ ಬೇಯಿಸಿದ್ದೋ ಎನ್ನುವುದನ್ನು ಗಮನಿಸಬೇಕು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 360 ಕ್ಯಾಲೊರಿ ಇದ್ದರೆ 100 ಗ್ರಾಂ ಅನ್ನದಲ್ಲಿ ಸುಮಾರು 130, ಉಳಿದದ್ದು ನೀರು. ಒಂದರ ತೂಕಕ್ಕೆ ಇನ್ನೊಂದರ ಅಂಕಿ ಹಚ್ಚಿದರೆ ಲೆಕ್ಕವೇ ತಲೆಕೆಳಗು. ಪೊಟ್ಟಣಗಳ ಮೇಲೆ ಒಂದು ಸರ್ವಿಂಗ್‌ಗೆ ಇಷ್ಟು ಅಂತ ಬರೆದಿದ್ದರೆ ಆ ಸರ್ವಿಂಗ್ ಎಷ್ಟು ಗ್ರಾಂ ಎಂದು ನೋಡಿ. ಅಷ್ಟು ತಿಂದು ಪೊಟ್ಟಣ ಮುಚ್ಚಿಟ್ಟ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ.

400 ಯಾಕೆ, 1,000 ಯಾಕಲ್ಲ ಎಂದು ಮನೆಯಲ್ಲೂ ಕೇಳಿದರು. ಬೇಗ ಮುಗಿಸಿಬಿಡಬಹುದಲ್ಲ ಎನ್ನುವುದು ಸಹಜವಾದ ಆಸೆ. 1944–45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,600 ಕ್ಯಾಲೊರಿ ಕೊಟ್ಟು ಪರೀಕ್ಷಿಸಿದರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಮೈ ತಣ್ಣಗಾಯಿತು, ನಾಡಿ ನಿಧಾನವಾಯಿತು, ಸಿಡುಕು ಹೆಚ್ಚಿತು, ಊಟ ಬಿಟ್ಟು ಬೇರೆ ಯೋಚನೆಯೇ ಬಾರದಂತಾಯಿತು. ಅವರು ಮೊದಲೇ ತೆಳ್ಳಗಿದ್ದವರು, ದಿನವೂ ಬಹಳ ನಡೆಯುತ್ತಿದ್ದವರು, ಹಾಗಾಗಿ ನನಗೂ ಅವರಿಗೂ ಹೋಲಿಕೆಯಿಲ್ಲ. ಆದರೆ ಅಂಕಿ ಯಾರಿಗೆ ಚಿಕ್ಕದು, ಯಾರಿಗೆ ಸಾಕು ಎನ್ನುವುದು ಖರ್ಚಿನ ಮೇಲೆ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ದಿನಕ್ಕೆ 800 ಕ್ಯಾಲೊರಿಗಿಂತ ಕೆಳಗಿನ ಪಥ್ಯ ಡಾಕ್ಟರ ಕಣ್ಗಾವಲಿನಲ್ಲೇ ನಡೆಯಬೇಕಾದದ್ದು. ಬಹಳ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿಕೊಳ್ಳುವ ಅಪಾಯ ಹೆಚ್ಚು, ಸ್ನಾಯುವೂ ಕರಗುತ್ತದೆ. ವಾರಕ್ಕೆ ಅರ್ಧ ಕೆಜಿಯಿಂದ ಒಂದು ಕೆಜಿವರೆಗೆ ಎನ್ನುವುದು ಸಾಮಾನ್ಯವಾಗಿ ಒಪ್ಪಿತವಾದ ವೇಗ. ನಾನು ಅದಕ್ಕಿಂತಲೂ ನಿಧಾನವನ್ನೇ ಆರಿಸಿಕೊಂಡೆ.

ಎಷ್ಟು ನಿಧಾನ ಎನ್ನುವುದನ್ನೂ ಮೊದಲೇ ತಿಳಿದುಕೊಂಡಿದ್ದು ಒಳ್ಳೆಯದಾಯಿತು. ಒಂದು ಕೆಜಿ ಕೊಬ್ಬಿಗೆ 7,700 ಕ್ಯಾಲೊರಿ ಎಂಬ ಹಳೆಯ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಅದರಂತೆ ದಿನಕ್ಕೆ 400 ಕಡಿಮೆ ಮಾಡಿದರೆ ವರ್ಷಕ್ಕೆ 19 ಕೆಜಿ ಇಳಿಯಬೇಕು. ಇಳಿಯುವುದಿಲ್ಲ. ಮೈ ಹಗುರಾದಂತೆ ಅದರ ಖರ್ಚೂ ಇಳಿಯುತ್ತದೆ, ಗೊತ್ತಿಲ್ಲದೆಯೇ ಓಡಾಟ ಸಹ ಕಡಿಮೆಯಾಗುತ್ತದೆ. ಸಂಶೋಧಕ ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಕೊಟ್ಟ ಅಂದಾಜು ಹೀಗಿದೆ: ದಿನಕ್ಕೆ 24 ಕ್ಯಾಲೊರಿಯಷ್ಟು ಕಾಯಂ ಬದಲಾವಣೆಗೆ ಕೊನೆಗೆ ಸುಮಾರು ಒಂದು ಕೆಜಿ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, 95 ಶೇಕಡಾ ಮೂರು ವರ್ಷದಲ್ಲಿ. ನನ್ನ 400ಕ್ಕೆ ಮೊದಲ ವರ್ಷದ ಪಾಲು 8 ಕೆಜಿ ಅಷ್ಟೇ. ಹತ್ತೊಂಬತ್ತು ನಿರೀಕ್ಷಿಸಿ ಎಂಟು ಬಂದವರು ತಮ್ಮನ್ನೇ ಬೈದುಕೊಳ್ಳುತ್ತಾರೆ, ಎಂಟನ್ನೇ ನಿರೀಕ್ಷಿಸಿದವರಿಗೆ ಆ ತೊಂದರೆಯಿಲ್ಲ. ಮೂಲ ತೂಕದ 5ರಿಂದ 10 ಶೇಕಡಾ ಇಳಿದರೂ ಬಿಪಿ, ಸಕ್ಕರೆಗಳಲ್ಲಿ ಲಾಭ ಕಾಣುತ್ತದೆ ಎಂದು ಡಾಕ್ಟರ್ ಹೇಳಿದ್ದರು. ನನಗೆ ಅದು 4ರಿಂದ 8 ಕೆಜಿ. ಹೀಗಾಗಿ 76 ಕೆಜಿಯನ್ನೇ ಗುರಿ ಮಾಡಿಕೊಂಡೆ.

ತಕ್ಕಡಿಯ ಆಟ ಬೇರೆಯೇ. ಮೊದಲ ವಾರ ಸರ್ರನೆ ಇಳಿಯಿತು. ಅದರಲ್ಲಿ ಬಹುಪಾಲು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆ ದಾಸ್ತಾನಿನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದು ಖರ್ಚಾದಾಗ ನೀರೂ ಹೋಗುತ್ತದೆ. ಉಪ್ಪು ಹೆಚ್ಚಾದ ಊಟ ಮಾಡಿದ ಮರುದಿನ ಅದೇ ನೀರು ವಾಪಸ್. ದಿನಾ ಬೆಳಗ್ಗೆ, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ತೂಗಿ, ವಾರದ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಯ ಜೊತೆ ಹೋಲಿಸುತ್ತಿದ್ದೆ. ದಿನದ ಅಂಕಿ ನೋಡಿ ಮನಸ್ಸು ಕೆಡುವವರು ವಾರಕ್ಕೊಮ್ಮೆ ತೂಗಿದರೂ ಸಾಕು. ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಿಂದ ಅಳೆದೆ. ತಕ್ಕಡಿ ಅಲುಗಾಡದೆ ಕೂತ ವಾರಗಳಲ್ಲಿಯೂ ಟೇಪು ಕೆಳಗೆ ಬಂದದ್ದುಂಟು.

ಕ್ಯಾಲೊರಿ ಇಳಿಸಿದೆನಾದರೂ ಪ್ರೋಟೀನನ್ನು ಇಳಿಸಲಿಲ್ಲ, ಏರಿಸಿದೆ. ತೂಕ ಇಳಿಸುವಾಗ ಸ್ನಾಯು ಉಳಿಯಲು ದೇಹದ ತೂಕದ ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಎನ್ನುವುದು ಸಾಮಾನ್ಯ ಸಲಹೆ. ನಾನು ದಿನಕ್ಕೆ 100 ಗ್ರಾಂ ಇಟ್ಟುಕೊಂಡೆ. ಕಿಡ್ನಿ ತೊಂದರೆ ಇದ್ದವರು ಕೇಳದೆ ಹೀಗೆ ಮಾಡಬಾರದು, ನನ್ನ ವರದಿ ಸರಿಯಿದ್ದದ್ದರಿಂದ ಡಾಕ್ಟರ್ ಒಪ್ಪಿದರು. ಬೇಳೆಕಾಳು, ಮೊಸರು, ಮೊಟ್ಟೆ ಇವುಗಳನ್ನು ಮೂರು ಹೊತ್ತಿಗೂ ಹಂಚಿದೆ, ತರಕಾರಿಯನ್ನು ಇಮ್ಮಡಿ ಮಾಡಿದೆ. ಹಸಿವು ಕಾಡದೆ ಇರುವುದಕ್ಕೆ ಇದೇ ಕಾರಣ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಪ್ರಯಾಣದಲ್ಲಿ ಬರೀ ಬ್ರೆಡ್ಡು ಬಿಸ್ಕತ್ತಿನಲ್ಲಿ ಅಷ್ಟೇ ಕ್ಯಾಲೊರಿ ತಿಂದ ದಿನಗಳಲ್ಲಿ ರಾತ್ರಿ ಹತ್ತಕ್ಕೆಲ್ಲ ಹೊಟ್ಟೆ ಚುರುಗುಟ್ಟುತ್ತಿತ್ತು. ಕೆವಿನ್ ಹಾಲ್ ಅವರೇ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು, ಎಷ್ಟು ಬೇಕಾದರೂ ತಿನ್ನಿ ಎಂದರು. ಸಂಸ್ಕರಿತ ಆಹಾರ ಇದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ನನ್ನ ಕಡಿತಕ್ಕಿಂತ ದೊಡ್ಡ ಅಂಕಿ ಅದು.

ವ್ಯಾಯಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಾ ನಡೆದೆ, ವಾರಕ್ಕೆರಡು ಸಲ ಭಾರ ಎತ್ತಿದೆ. ಭಾರ ಎತ್ತಿದ್ದು ಸ್ನಾಯು ಉಳಿಸಿಕೊಳ್ಳಲು, ಕ್ಯಾಲೊರಿ ಸುಡಲು ಅಲ್ಲ. ಗಡಿಯಾರ ತೋರಿಸುವ "ಸುಟ್ಟ ಕ್ಯಾಲೊರಿ"ಯನ್ನು ಮರಳಿ ತಿನ್ನುವ ಲೆಕ್ಕಕ್ಕೆ ನಾನು ಒಮ್ಮೆಯೂ ಸೇರಿಸಲಿಲ್ಲ.

ನಿದ್ದೆಯನ್ನು ಮಾತ್ರ ಬಿಡುವಂತಿಲ್ಲ. 2010ರ ಒಂದು ಸಣ್ಣ ಪ್ರಯೋಗದಲ್ಲಿ ಹತ್ತು ಜನ ಒಂದೇ ಬಗೆಯ ಮಿತ ಆಹಾರ ತಿಂದು, ಒಮ್ಮೆ ಎರಡು ವಾರ ರಾತ್ರಿಗೆ 8.5 ಗಂಟೆ, ಇನ್ನೊಮ್ಮೆ 5.5 ಗಂಟೆ ಮಲಗಿದರು. ಎರಡರಲ್ಲೂ ತೂಕ ಇಳಿದದ್ದು ಹೆಚ್ಚುಕಡಿಮೆ ಒಂದೇ. ಆದರೆ ನಿದ್ದೆ ಕಡಿಮೆಯಾದಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಉಳಿದದ್ದು ಸ್ನಾಯುವಿನಂಥ ಕೊಬ್ಬಲ್ಲದ ಅಂಶ. ಇದನ್ನು ಓದಿದ ಮೇಲೆ ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡತೊಡಗಿದೆ.

ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೆ: ತಲೆಸುತ್ತು, ಸದಾ ಚಳಿ, ಬಿಡದ ಸುಸ್ತು, ಎದೆ ಡವಡವ, ಕೂದಲು ವಿಪರೀತ ಉದುರುವುದು. ಹೆಂಗಸರಾದರೆ ಮುಟ್ಟು ತಪ್ಪುವುದನ್ನೂ ಸೇರಿಸಬೇಕು. ಕೂದಲಿನ ವಿಷಯದಲ್ಲಿ ಒಂದು ತೊಡಕಿದೆ. ಅದು ಉದುರುವುದು ಕಾರಣ ನಡೆದ ಎರಡು ಮೂರು ತಿಂಗಳ ನಂತರ, ಹಾಗಾಗಿ ಹಿಂದಿನ ಪುಟಗಳನ್ನು ತಿರುವಿ ನೋಡಬೇಕಾಗುತ್ತದೆ. ಇನ್ನೊಂದು ಸೂಚನೆ ಮನಸ್ಸಿನದು. ಮದುವೆ ಮನೆಗೆ ಕರೆದರೆ ಊಟದ ಲೆಕ್ಕಕ್ಕೆ ಹೆದರಿ ಹೋಗದೆ ಇರುವುದು, ಒಂದು ದಿನ ಜಾಸ್ತಿ ತಿಂದದ್ದಕ್ಕೆ ಮರುದಿನ ಉಪವಾಸದ ಶಿಕ್ಷೆ ಹಾಕಿಕೊಳ್ಳುವುದು ಶುರುವಾದರೆ ತಕ್ಕಡಿಯನ್ನು ಒಳಗಿಟ್ಟು ಯಾರ ಹತ್ತಿರವಾದರೂ ಮಾತನಾಡುವುದು ಒಳ್ಳೆಯದು. ನಾನು ಹೆಚ್ಚು ತಿಂದ ದಿನವನ್ನು ಇದ್ದ ಹಾಗೇ ಬರೆದು ಮರುದಿನ ಎಂದಿನ 1,800ಕ್ಕೆ ಮರಳುತ್ತಿದ್ದೆ. ಎರಡು ಮೂರು ತಿಂಗಳಿಗೊಮ್ಮೆ ಬೇಕೆಂದೇ ಒಂದೆರಡು ವಾರ ಕಡಿತ ನಿಲ್ಲಿಸಿ ಪೂರ್ತಿ ಊಟ ಮಾಡುತ್ತಿದ್ದೆ. ಅದರಿಂದ ಕೊಬ್ಬು ಬೇಗ ಕರಗುತ್ತದೆ ಎಂದಲ್ಲ, ತಲೆಗೆ ಬಿಡುವು ಸಿಗುತ್ತದೆ.

76ಕ್ಕೆ ಬಂದ ಮೇಲೆ ಸೂತ್ರಕ್ಕೆ ಹೊಸ ಅಂಕಿ ಹಾಕಿ ನೋಡಿದೆ. ದಿನದ ಖರ್ಚು 2,100 ಎಂದಿತು, ಹಿಂದಿಗಿಂತ ನೂರು ಮಾತ್ರ ಕಡಿಮೆ. ಆದರೆ ತೂಕ ಇಳಿದ ಮೈ ಸೂತ್ರ ಹೇಳುವುದಕ್ಕಿಂತ ಸ್ವಲ್ಪ ಕಡಿಮೆಯೇ ಖರ್ಚು ಮಾಡುತ್ತದೆ, ಹಾಗಾಗಿ ಒಂದೇ ಸಲಕ್ಕೆ ಅಷ್ಟಕ್ಕೆ ಏರಿಸಲಿಲ್ಲ. ಎರಡು ವಾರಕ್ಕೆ 100ರಂತೆ ಸೇರಿಸುತ್ತಾ ಹೋದೆ. 2,000ದ ಹತ್ತಿರ ತೂಕ ನಿಂತಿತು, ಅಲ್ಲೇ ಬಿಟ್ಟೆ. ಈಗ ಊಟ ತೂಗುವುದಿಲ್ಲ, ಎಣ್ಣೆ ಮಾತ್ರ ಚಮಚದಲ್ಲೇ ಅಳೆಯುತ್ತೇನೆ. ವಾರಕ್ಕೊಮ್ಮೆ ತೂಕ ನೋಡುತ್ತೇನೆ, 78 ದಾಟಿದರೆ ಎರಡು ವಾರ ಮತ್ತೆ ಪುಸ್ತಕ ತೆಗೆಯುತ್ತೇನೆ.