ಅಮೆರಿಕದಲ್ಲಿ ಐಎಫ್‌ಆರ್ ಕ್ಲಿಯರೆನ್ಸ್: ಯಾವುದು ಹೌದು, ಯಾವುದು ಅಲ್ಲ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ಪೈಲಟ್ ತರಬೇತಿಗೆ ಅಮೆರಿಕಕ್ಕೆ ಬರುವ ಮಕ್ಕಳು ಮೊದಲು ಕೇಳುವುದು ವೀಸಾ, ಬಾಡಿಗೆ, ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಅಂತ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಕಾಣದಿದ್ದರೂ ಉಪಕರಣ ನೋಡಿಕೊಂಡು ಹಾರುವ (ಐಎಫ್‌ಆರ್) ತರಬೇತಿ, ಶುರುವಾದ ಮೇಲೆ ಪ್ರಶ್ನೆಯೇ ಬೇರೆ. "ಕಂಟ್ರೋಲರ್ ಕೋಡ್ ಕೊಟ್ಟರು, ರೇಡಾರ್ ಕಾಂಟ್ಯಾಕ್ಟ್ ಅಂದರು. ಇನ್ನು ಮೋಡದೊಳಗೆ ಹೋಗಬಹುದಲ್ವಾ ಅಣ್ಣಾ?"

ಇಲ್ಲ, ಹೋಗಬಾರದು.

ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮಗಳಲ್ಲಿ 91.173 ಅಂತ ಒಂದಿದೆ. ಕಂಟ್ರೋಲ್ಡ್ ಏರ್‌ಸ್ಪೇಸ್‌ನಲ್ಲಿ, ಅಂದರೆ ವಾಯು ಸಂಚಾರ ನಿಯಂತ್ರಣದ (ಎಟಿಸಿ) ವ್ಯಾಪ್ತಿಯ ಆಕಾಶದಲ್ಲಿ, ಐಎಫ್‌ಆರ್ ಹಾರಬೇಕಾದರೆ ಫ್ಲೈಟ್ ಪ್ಲಾನ್ ಫೈಲ್ ಮಾಡಿರಬೇಕು, ಎಟಿಸಿಯಿಂದ ಕ್ಲಿಯರೆನ್ಸ್ ಕೂಡ ಪಡೆದಿರಬೇಕು. ಎರಡೂ ಬೇಕು. ಊರಲ್ಲಿ ವಿಲೇಜ್ ಆಫೀಸಿಗೆ ಅರ್ಜಿ ಕೊಟ್ಟು ರಶೀದಿ ತಂದರೆ ಸರ್ಟಿಫಿಕೇಟ್ ಕೈಗೆ ಬಂದ ಹಾಗಲ್ಲ. ಪ್ಲಾನ್ ಫೈಲ್ ಮಾಡಿದ್ದೂ ಅಷ್ಟೇ.

ಕ್ಲಿಯರೆನ್ಸ್ ಅಂದರೆ ಎಲ್ಲಿಯವರೆಗೆ, ಯಾವ ದಾರಿ, ಎಷ್ಟು ಎತ್ತರ ಎಂದು ಕಂಟ್ರೋಲರ್ ಸ್ಪಷ್ಟವಾಗಿ ಹೇಳುವುದು. "ಕ್ಲಿಯರ್ಡ್ ಟು" ಎಂದು ಶುರುವಾಗಿ ಒಂದು ಏರ್‌ಪೋರ್ಟ್ ಅಥವಾ ಫಿಕ್ಸ್‌ನ (ನಕ್ಷೆಯಲ್ಲಿ ಗುರುತಿಸಿದ ಬಿಂದು) ಹೆಸರು ಬರುತ್ತದೆ. ಬರೆದುಕೊಳ್ಳಲು ಇಲ್ಲಿ ಎಲ್ಲರೂ 'ಕ್ರಾಫ್ಟ್' ಬಳಸುತ್ತಾರೆ: ಕ್ಲಿಯರೆನ್ಸ್ ಲಿಮಿಟ್, ರೂಟ್, ಆಲ್ಟಿಟ್ಯೂಡ್, ಫ್ರೀಕ್ವೆನ್ಸಿ, ಟ್ರಾನ್ಸ್‌ಪಾಂಡರ್ ಕೋಡ್ (ರೇಡಾರಿನಲ್ಲಿ ವಿಮಾನವನ್ನು ಗುರುತಿಸುವ ನಾಲ್ಕಂಕಿ ಸಂಖ್ಯೆ). ಹಾಳೆಯಲ್ಲಿ ಐದಕ್ಷರ ಮೊದಲೇ ಬರೆದಿಟ್ಟು ಪಕ್ಕದಲ್ಲಿ ತುಂಬುತ್ತಾ ಹೋಗಿ.

ಮೋಸ ಹೋಗುವುದು ಕ್ಲಿಯರೆನ್ಸ್ ತರಹ ಕೇಳಿಸುವ ಮಾತುಗಳಿಂದ. ವಿಎಫ್‌ಆರ್‌ನಲ್ಲಿ, ಅಂದರೆ ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವಾಗ, ಫ್ಲೈಟ್ ಫಾಲೋಯಿಂಗ್ (ರೇಡಾರಿನಲ್ಲಿ ನಮ್ಮನ್ನು ಗಮನಿಸುತ್ತಿರಿ ಎಂಬ ಕೋರಿಕೆ) ಕೇಳಿದರೂ ವಿಎಫ್‌ಆರ್‌ನ ಸಾಮಾನ್ಯ ಕೋಡ್ 1200 ಬಿಟ್ಟು ಬೇರೆ ಕೋಡ್ ಕೊಡುತ್ತಾರೆ. ರೇಡಾರ್ ಕಾಂಟ್ಯಾಕ್ಟ್ ಅಂದರೆ ನಿಮ್ಮ ವಿಮಾನವನ್ನು ಪರದೆಯ ಮೇಲೆ ಗುರುತಿಸಿದ್ದೇವೆ ಅಂತಷ್ಟೇ. "ಪ್ರ್ಯಾಕ್ಟಿಸ್ ಅಪ್ರೋಚ್ ಅಪ್ರೂವ್ಡ್, ಮೆಂಟೇನ್ ವಿಎಫ್‌ಆರ್" ಅಂದರೆ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೋ ಸಂಕೇತ) ಹಿಡಿದು ಇಳಿಯುತ್ತಿದ್ದರೂ ನೀವಿನ್ನೂ ವಿಎಫ್‌ಆರ್. ಕ್ಲಾಸ್ ಬ್ರಾವೋ (ದೊಡ್ಡ ಏರ್‌ಪೋರ್ಟ್‌ಗಳ ಸುತ್ತಲಿನ ಏರ್‌ಸ್ಪೇಸ್) ಒಳಗೆ ಬರಲು ವಿಎಫ್‌ಆರ್‌ನವರಿಗೂ "ಕ್ಲಿಯರ್ಡ್" ಅಂತಾರೆ. ಅದು ಆ ಏರ್‌ಸ್ಪೇಸ್‌ಗೆ ಬರುವ ಅನುಮತಿ, ಮೋಡಕ್ಕೆ ನುಗ್ಗುವ ಅನುಮತಿಯಲ್ಲ. 10 ಸಾವಿರ ಅಡಿಗಿಂತ ಕೆಳಗಿನ ಕ್ಲಾಸ್ ಎಕೋ ಎಂಬ ಏರ್‌ಸ್ಪೇಸ್‌ನಲ್ಲಿ ವಿಎಫ್‌ಆರ್‌ನವರು ಮೋಡದಿಂದ 500 ಅಡಿ ಕೆಳಗೆ, 1000 ಅಡಿ ಮೇಲೆ, 2000 ಅಡಿ ಪಕ್ಕಕ್ಕೆ ಇರಬೇಕು. 3 ಮೈಲಿ ಕಾಣಬೇಕು. ಇದು ಕೈತಪ್ಪುವ ಮೊದಲೇ ಕ್ಲಿಯರೆನ್ಸ್ ನಿಮ್ಮ ಕೈಯಲ್ಲಿರಬೇಕು, ಆಮೇಲಲ್ಲ.

ಹಾರುತ್ತಿರುವಾಗ ಮೋಡ ಮುಚ್ಚತೊಡಗಿದರೆ ಅಲ್ಲೇ ಐಎಫ್‌ಆರ್ ಕೇಳಬಹುದು. ಇದಕ್ಕೆ 'ಪಾಪ್ ಅಪ್' ಅಂತಾರೆ. ಇಂತಿಷ್ಟು ಎತ್ತರ ತಲುಪುವ ತನಕ ನೆಲ, ಅಡೆತಡೆಗಳಿಂದ ನೀವೇ ದೂರ ಇರಬಲ್ಲಿರಾ ಎಂದು ಕಂಟ್ರೋಲರ್ ಕೇಳಬಹುದು. ಆಗದಿದ್ದರೆ ಆಗದು ಅನ್ನಿ. ಗುಡ್ಡದ ಕಡೆ ಹಾರುವಾಗ ಸುಮ್ನೆ ಹೂಂ ಅಂದವರ ಜವಾಬ್ದಾರಿ ಅವರದೇ. ಇನ್ನು ಕೆಲವೊಮ್ಮೆ "4 ಸಾವಿರಕ್ಕೆ ಏರಿ, ಐಎಲ್‌ಎಸ್ ನಿರೀಕ್ಷಿಸಿ" ಎಂದಷ್ಟೇ ಹೇಳಿ ಬಿಡುತ್ತಾರೆ. "ಕ್ಲಿಯರ್ಡ್ ಟು" ಕೇಳಿಸಲೇ ಇಲ್ಲ. ಆಗ ಊಹೆ ಬೇಡ, "ನಾವು ಐಎಫ್‌ಆರ್ ಕ್ಲಿಯರ್ಡ್ ಹೌದಾ?" ಎಂದು ನೇರವಾಗಿ ಕೇಳಿ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಕೇಳಿ ಬೆಳೆದವರಿಗೂ ಇಲ್ಲಿನ ರೇಡಿಯೋ ಇಂಗ್ಲಿಷಿನ ವೇಗ ಮೊದಮೊದಲು ಹಿಡಿತಕ್ಕೆ ಸಿಗುವುದಿಲ್ಲ. ಅದರಲ್ಲಿ ನಾಚಿಕೆ ಏನೂ ಇಲ್ಲ ಮಾರಾಯರೆ. ಅನುಮಾನ ಬಂದರೆ ತಕ್ಷಣ ಕೇಳಲೇಬೇಕು ಎಂದು 91.123 ಹೇಳುತ್ತದೆ. ಇದು ನಿಯಮ, ಬರೀ ಸಲಹೆಯಲ್ಲ.

"ಕ್ಲಿಯರ್ಡ್ ಆ್ಯಸ್ ಫೈಲ್ಡ್" ಅಂದರೆ ನೀವು ಫೈಲ್ ಮಾಡಿದ ದಾರಿಯೇ. ನಡುವೆ ನೀವೋ ಶಾಲೆಯವರೋ ಪ್ಲಾನ್ ಬದಲಾಯಿಸಿದ್ದರೆ ಪೂರ್ತಿ ರೂಟ್ ಓದಿ ಹೇಳಿ ಎಂದು ಕೇಳಿ. ಕ್ಲಿಯರೆನ್ಸ್ ಸಿಕ್ಕಿತೆಂದು ಟ್ಯಾಕ್ಸಿ ಮಾಡಲು, ಟೇಕಾಫ್ ಮಾಡಲು ಅನುಮತಿ ಸಿಕ್ಕ ಹಾಗೂ ಅಲ್ಲ. ಟವರ್ ಇರುವಲ್ಲಿ ಅವು ಬೇರೆಬೇರೆ.

ನಾವು ಬಜ್ಪೆ, ಕಣ್ಣೂರು ನೋಡಿದವರು; ಏರ್‌ಪೋರ್ಟ್ ಎಂದರೆ ಟವರ್ ಇದ್ದೇ ಇರುತ್ತದೆ ಅಂದುಕೊಂಡಿರುತ್ತೇವೆ. ಅಮೆರಿಕದಲ್ಲಿ ಸಾರ್ವಜನಿಕರು ಬಳಸುವ ಏರ್‌ಪೋರ್ಟ್‌ಗಳು ಸುಮಾರು 5 ಸಾವಿರ. ಟವರ್ ಇರುವುದು 500 ಚಿಲ್ಲರೆ. ಉಳಿದ ಕಡೆ ಕ್ಲಿಯರೆನ್ಸ್ ಫೋನಿನಲ್ಲೋ ರೇಡಿಯೋದಲ್ಲೋ ಸಿಗುತ್ತದೆ. ನಂಬರ್ ಚಾರ್ಟ್ ಸಪ್ಲಿಮೆಂಟ್‌ನಲ್ಲಿ (ಎಫ್‌ಎಎಯ ಏರ್‌ಪೋರ್ಟ್ ಮಾಹಿತಿ ಪುಸ್ತಕ) ಹುಡುಕಿ. "ಹೋಲ್ಡ್ ಫಾರ್ ರಿಲೀಸ್" ಅಂದರೆ ಕ್ಲಿಯರೆನ್ಸ್ ಇದೆ, ಆದರೆ ಬಿಡುವ ತನಕ ಹೊರಡಬಾರದು. ಜಾಸ್ತಿ ಎಚ್ಚರ ಬೇಕಾದದ್ದು 'ವಾಯ್ಡ್ ಟೈಮ್' (ಹೊರಡಲು ಕೊಟ್ಟ ಗಡುವು) ವಿಷಯದಲ್ಲಿ. ಆ ಹೊತ್ತಿನೊಳಗೆ ಮೇಲೇಳದಿದ್ದರೆ ಕ್ಲಿಯರೆನ್ಸ್ ರದ್ದು. ಹೊರಟಿಲ್ಲ ಎಂದು ಆದಷ್ಟು ಬೇಗ, ತಡವೆಂದರೆ 30 ನಿಮಿಷದೊಳಗೆ ಎಟಿಸಿಗೆ ತಿಳಿಸಬೇಕು. ಇಲ್ಲದಿದ್ದರೆ ಕಾಣೆಯಾದ ವಿಮಾನವೆಂದು ಹುಡುಕಾಟ ಶುರುವಾಗುತ್ತದೆ. ಅಷ್ಟು ಹೊತ್ತು ನಿಮಗಾಗಿ ಆಕಾಶ ಖಾಲಿ ಇಟ್ಟಿರುತ್ತಾರೆ, ಬೇರೆಯವರು ಕಾಯುತ್ತಿರುತ್ತಾರೆ. ಸಮಯ ಹೇಳುವುದು ಜುಲು ಗಂಟೆಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ. ಊರಿನ ಹೊತ್ತಿಗಿಂತ ಅದು ಐದೂವರೆ ಗಂಟೆ ಹಿಂದೆ, ಅಮೆರಿಕದ ಹೊತ್ತಿಗಿಂತ ಮುಂದೆ. ಬೇಸಿಗೆ ಚಳಿಗಾಲಕ್ಕೆ ಇಲ್ಲಿನ ಗಡಿಯಾರ ಬದಲಾಗುವುದರಿಂದ ಒಂದು ವಾಚನ್ನು ಜುಲುಗೇ ಇಟ್ಟುಬಿಡುವುದು ಒಳ್ಳೆಯದು.

ಟವರ್ ಇಲ್ಲದ ಕಡೆ ಇಳಿದ ಮೇಲೆ ಐಎಫ್‌ಆರ್ ಪ್ಲಾನ್ ತಾನಾಗಿ ಮುಚ್ಚುವುದಿಲ್ಲ. ವಿಮಾನ ಕಟ್ಟಿ ಹಾಕಿ ಕಾಫಿಗೆ ಹೋಗುವ ಮುಂಚೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿ.