ಮನೆಯಲ್ಲೇ ಮಳೆ–ಬಿಸಿಲಿನ ಲೆಕ್ಕ: ಪುಟ್ಟ ಹವಾಮಾನ ಕೇಂದ್ರ ಹೂಡುವುದು ಹೇಗೆ?

ಮೈಸೂರಿನಲ್ಲಿ ಮಳೆ ವರ್ಷಕ್ಕೆ ಎರಡು ಬಾರಿ ಜೋರಾಗುತ್ತದೆ: ಮೇ ತಿಂಗಳ ಗುಡುಗುಮಳೆಯಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಜೂನ್–ಜುಲೈನಲ್ಲಿ ಮಂಗಳೂರಿನ ಕಡೆ ಧಾರಾಕಾರ ಸುರಿಯುತ್ತಿದ್ದರೂ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮಗೆ ಸಿಗುವುದು ಹೆಚ್ಚಾಗಿ ಗಾಳಿ, ಮೋಡ ಮತ್ತು ತುಂತುರು. ಗುಡುಗುಮಳೆಗೆ ಬಡಾವಣೆಯಿಂದ ಬಡಾವಣೆಗೆ ಭೇದವಿದೆ. ಕುವೆಂಪುನಗರದಲ್ಲಿ ಚರಂಡಿ ಉಕ್ಕಿದ ಸಂಜೆ ಹೆಬ್ಬಾಳದಲ್ಲಿ ರಸ್ತೆಯ ಧೂಳೂ ಅಡಗದಿರಬಹುದು. ಇಡೀ ನಗರಕ್ಕೆ ಕೊಡುವ ಒಂದು ಅಂಕಿ ನಿಮ್ಮ ಬೀದಿಯ ಮಳೆಯನ್ನು ಹೇಳಲಾರದು.

ಆದ್ದರಿಂದ ಮೊದಲು ಬೇಕಾದದ್ದು ಮಳೆಮಾಪಕ. ಒಂದು ಡಬ್ಬ, ಅದರ ಬಾಯಿಗೆ ಭದ್ರವಾಗಿ ಕೂರುವ ಆಲಿಕೆ ಮತ್ತು ಅಳತೆಯ ಗುರುತಿರುವ ಗಾಜಿನ ಜಾಡಿ ಇದ್ದರೆ ಸಾಕು. ಆಲಿಕೆಯ ಬಾಯಿಯ ಒಳವ್ಯಾಸ 11.3 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 100 ಚದರ ಸೆಂ.ಮೀ. ಆಗುವುದರಿಂದ, ಸಂಗ್ರಹವಾದ ಪ್ರತಿ 10 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಬೇರೆ ಅಳತೆಯ ಆಲಿಕೆಯಾದರೆ, ನೀರಿನ ಮಿ.ಲೀ. ಪ್ರಮಾಣವನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿ 10ರಿಂದ ಗುಣಿಸಬೇಕು.

ಮಾಪಕವನ್ನು ಎಲ್ಲಿಡುತ್ತೀರಿ ಎಂಬುದು ಅದರ ಬೆಲೆಗಿಂತ ಮುಖ್ಯ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಸಮತಟ್ಟಾಗಿರಬೇಕು, ಗೋಡೆ, ಮರಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಮೂವತ್ತು–ನಲವತ್ತರ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಂಥವರು ತಾರಸಿಯ ನಡುವೆ, ನೀರಿನ ಟ್ಯಾಂಕಿನಿಂದ ದೂರ ಇಡಬಹುದು. ಆದರೆ ಮೇಲಿನ ಗಾಳಿಗೆ ಹನಿಗಳು ಓರೆಯಾಗಿ ಹಾರಿ ಅಳತೆ ತುಸು ಕಡಿಮೆ ಬರುತ್ತದೆಂಬುದನ್ನು ದಿನದ ಅಂಕಿ ಬರೆದಿಡುವ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಬೇಕು.

ಓದುವ ಹೊತ್ತು ಬೆಳಿಗ್ಗೆ 8.30. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಗೆ ಮಳೆ ಲೆಕ್ಕದ ಒಂದು ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಇರುತ್ತದೆ, ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನಷ್ಟೇ ಇಲಾಖೆ ಮಳೆ ದಿನವೆಂದು ಎಣಿಸಿದರೂ ನೀವು ಅದಕ್ಕಿಂತ ಕಡಿಮೆಯನ್ನೂ ಬರೆಯಿರಿ. ಮಳೆಯಿಲ್ಲದ ದಿನ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನೀವು ನೋಡಲಿಲ್ಲವೋ ಆಮೇಲೆ ತಿಳಿಯದು.

ಗರಿಷ್ಠ–ಕನಿಷ್ಠ ತಾಪಮಾಪಕವನ್ನು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿಯಾಡುವ ಜಾಲಂದ್ರದ ಪೆಟ್ಟಿಗೆಯೊಳಗೆ ತೂಗಬೇಕು. ಬಾಗಿಲು ತೆಗೆದಾಗ ಬಿಸಿಲು ಬೀಳದಂತೆ ಅದು ಉತ್ತರಕ್ಕೆ ಮುಖ ಮಾಡಿರಲಿ. ಕಾಂಕ್ರೀಟ್ ತಾರಸಿಗಿಂತ ಹುಲ್ಲಿನ ನೆಲ ಮೇಲು, ಏಕೆಂದರೆ ತಾರಸಿಯ ಮೇಲೆ ಅಳೆಯುವುದು ಊರಿನ ಬಿಸಿಯನ್ನಲ್ಲ, ಕಾದ ಸಿಮೆಂಟಿನದ್ದನ್ನು.

ಡಿಜಿಟಲ್ ಕೇಂದ್ರ ಕೊಳ್ಳುವವರು ಒತ್ತಡದ ಅಂಕಿಯನ್ನು ಸರಿಪಡಿಸಿಕೊಳ್ಳಬೇಕು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಗಾಳಿಯ ನಿಜವಾದ ಒತ್ತಡ 925 ಹೆಕ್ಟೊಪ್ಯಾಸ್ಕಲ್‌ನ ಆಸುಪಾಸು ಇರುತ್ತದೆ. ಅಷ್ಟು ಕಡಿಮೆ ಒತ್ತಡ ನೋಡಿ ಚಂಡಮಾರುತವೆಂದು ಗಾಬರಿಯಾಗದೆ, ಉಪಕರಣಕ್ಕೆ ಎತ್ತರವನ್ನು ತಿಳಿಸಿದರೆ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ ಬರುತ್ತದೆ. ಡಿಜಿಟಲ್ ಕೇಂದ್ರದ ಮಳೆಮಾಪಕದೊಳಗೆ, ನೀರು ತುಂಬಿದಾಗಲೆಲ್ಲ ಮಗುಚಿ ಮಳೆಯನ್ನು ಎಣಿಸುವ ಬಟ್ಟಲಿಗೆ ತರಗೆಲೆ, ಜೇಡರ ಬಲೆ ಸಿಕ್ಕಿಕೊಳ್ಳುವುದರಿಂದ ಆಗಾಗ ತೊಳೆಯಬೇಕು, ಪಕ್ಕದಲ್ಲೇ ಡಬ್ಬದ ಮಾಪಕವೂ ಇರಬೇಕು. ಗಾಳಿಮಾಪಕದ ಸರಿಯಾದ ಎತ್ತರ 10 ಮೀಟರ್. ಮನೆಮಟ್ಟಿಗೆ ಅದಕ್ಕೆ ಹಣ ಸುರಿಯುವುದು ವ್ಯರ್ಥವೆಂದು ನನ್ನ ಅಭಿಪ್ರಾಯ.

ಪುಸ್ತಕದಲ್ಲಿ ದಿನಾಂಕದ ಪಕ್ಕ ಮಳೆ ನಕ್ಷತ್ರಕ್ಕೂ ಒಂದು ಅಂಕಣವಿರಲಿ. ಒಂದೊಂದು ನಕ್ಷತ್ರ 13–14 ದಿನ ನಡೆಯುವುದರಿಂದ ಕೂಡಿ ನೋಡಲು ಸುಲಭ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವ ಮಂಡ್ಯದ ರೈತರಿಗೆ ಆ ಮಳೆ ಎಷ್ಟು ಮಿ.ಮೀ. ಎಂದು ತೋರಿಸಲೂಬಹುದು. ಆದರೆ ಈ ಅಂಕಿಗಳಿಂದ ಕೆಆರ್‌ಎಸ್ ಅಣೆಕಟ್ಟೆಯ ಮಟ್ಟವನ್ನು ಊಹಿಸಲಾಗದು, ಅದನ್ನು ತುಂಬಿಸುವುದು ಮುಖ್ಯವಾಗಿ ಕೊಡಗಿನ ಮಳೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಅವುಗಳ ಅಂಕಿಯೊಡನೆ ನಿಮ್ಮದನ್ನು ಹೋಲಿಸುವಾಗ, ಗುಡುಗುಮಳೆಯ ದಿನದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. ಊರಿಗೆಲ್ಲ ಒಂದೇ ಸಮ ಹಿಡಿದ ಮಳೆಯಲ್ಲೂ ನಿಮ್ಮದು ಪದೇ ಪದೇ ಕಡಿಮೆ ಬಂದರೆ ಮಾಪಕದ ಜಾಗ ಬದಲಿಸಿ.